ಹಲವು ಮನೆಯ ಹೆಪ್ಪು

ಒಂದೇ ಮನೆಯ ಮೊಸರು ಯಾವ ಹಾಲಿಗೂ ಹತ್ತದ ಊರು ನಮ್ಮದು. ಯಾಕೆ ಅಂತ ಕೇಳಬೇಡಿ, ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ. ನಿಮ್ಮ ಮನೆಯ ನಿನ್ನೆಯ ಮೊಸರನ್ನು ನಿಮ್ಮ ಮನೆಯ ಇವತ್ತಿನ ಹಾಲಿಗೆ ಹಾಕಿ ನೋಡಿ, ಬೆಳಗಾದರೂ ಹಾಲು ಹಾಲಾಗಿಯೇ ಇರುತ್ತದೆ. ಪಕ್ಕದ ಮನೆಯದನ್ನು ಹಾಕಿ, ಆಗಲೂ ಅಷ್ಟೇ. ಮೆಣಸಿನಕಾಯಿ ತೊಟ್ಟು ಹಾಕಿ, ನಿಂಬೆಹಣ್ಣು ಹಿಂಡಿ, ಹಾಲು ಒಡೆಯುತ್ತದೆಯೇ ಹೊರತು ಮೊಸರಾಗುವುದಿಲ್ಲ. ಹಲವು ಮನೆಯ ಮೊಸರು ಒಂದೇ ಮಡಕೆಯಲ್ಲಿ ಬೆರೆತಾಗ ಮಾತ್ರ ಅದಕ್ಕೆ ಹೆಪ್ಪಾಗುವ ಶಕ್ತಿ ಬರುತ್ತದೆ.

ಅದಕ್ಕೇ ಬೀದಿಗೊಂದು ಹೆಪ್ಪಿನ ಮನೆ ಇತ್ತು. ನಮ್ಮ ಬೀದಿಯ ಹೆಪ್ಪಿನ ಮನೆಯಲ್ಲಿ ಸೌಟು ಹಿಡಿದವಳು ನಾನು. ನನ್ನ ಹೆಸರು ಎಲ್ಲರಿಗೂ ಮರೆತೇಹೋಗಿ, ಈಗ ಸೌಟಮ್ಮ ಅಂತಲೇ ಕರೆಯುತ್ತಾರೆ. ಸಂಜೆ ಬಾಗಿಲು ತೆಗೆ, ಮಡಕೆಯ ಬಟ್ಟೆ ಬಿಚ್ಚು, ಸೌಟು ಅದ್ದು, ಚಾಚಿದ ಬಟ್ಟಲಿಗೆ ಹಾಕು. ಬೆಳಿಗ್ಗೆ ಬಾಗಿಲು ತೆಗೆ, ಬಟ್ಟೆ ಬಿಚ್ಚು, ಅವರವರು ತಂದ ಹೊಸ ಮೊಸರನ್ನು ಮಡಕೆಗೆ ಬಿಡು. ಸಂಜೆ ಕೊಡು, ಬೆಳಿಗ್ಗೆ ತಗೋ. ಬೆಳಿಗ್ಗೆ ತಗೋ, ಸಂಜೆ ಕೊಡು. ನನ್ನ ಅತ್ತೆ ಹೀಗೇ ಮಾಡಿದಳು, ಅವಳ ಅತ್ತೆ ಹೀಗೇ ಮಾಡಿದಳು, ಆ ಮಡಕೆ ಒಂದು ದಿನವೂ ಬರಿದಾಗಲಿಲ್ಲ.

ಬಹಳ ಚೆನ್ನಾಗಿ ನಡೆಯುತ್ತಿತ್ತು ಅಂತೇನಾದರೂ ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ಬೀದಿಯ ಯಜಮಾನರಿಗೆ ಒಬ್ಬ ಭಾವಮೈದುನ. ಅವನಿಗೆ ಬೇರೆ ಕೆಲಸ ಸಿಗಲಿಲ್ಲ ಅಂತ ಮಡಕೆಯ ಬಟ್ಟೆ ಬಿಚ್ಚುವ ಕೆಲಸ ಕೊಟ್ಟರು. ಅವನ ತಮ್ಮನಿಗೆ ಬೇಜಾರಾಗಬಾರದು ಅಂತ ಬಟ್ಟೆ ಕಟ್ಟುವ ಕೆಲಸ ಕೊಟ್ಟರು. ಯಜಮಾನರೇ ಖುದ್ದಾಗಿ ಒಂದು ಕುರ್ಚಿ ಹಾಕಿಸಿಕೊಂಡು, ಪ್ರತಿ ಸೌಟಿಗೂ "ಸಾಕು" ಅನ್ನುವ ಕೆಲಸ ಇಟ್ಟುಕೊಂಡರು. ಬಟ್ಟೆ ಬಿಚ್ಚುವವನು ಯಾವುದೋ ಮದುವೆಗೆ ಹೋದರೆ ಆವತ್ತು ಮಡಕೆ ತೆಗೆಯುವ ಹಾಗಿಲ್ಲ. ಹಾಲು ಆರುತ್ತಿದೆ, ಜನ ನಿಂತಿದ್ದಾರೆ, ಇವನು ಮಾತ್ರ ಲಾಡು ತಿಂದು ಮಧ್ಯಾಹ್ನದ ನಿದ್ದೆ ಮುಗಿಸಿ ಬರಬೇಕು. ನಾನು ಎಷ್ಟು ಸಲ ಕೂಗಾಡಿದ್ದೇನೋ ಲೆಕ್ಕವಿಲ್ಲ.

ಇನ್ನು ಬಂದವರು ಸುಮ್ಮನೆ ಬಟ್ಟಲು ಚಾಚಿ ಹೋಗುತ್ತಾರೆಯೇ? ಮಂಡಿನೋವಿನ ಅಜ್ಜಿ ಮಂಡಿಯ ಕಥೆ ಹೇಳದೆ ಬಟ್ಟಲು ಮುಂದಕ್ಕೆ ಮಾಡುವುದಿಲ್ಲ. ಮೂಲೆಮನೆಯವಳು ಸೊಸೆಯ ಮೇಲೆ ದೂರು ಹೇಳಬೇಕು, ಮಾರನೇ ದಿನ ಅದೇ ಸೊಸೆ ಬಂದು ಅತ್ತೆಯ ಮೇಲೆ ಹೇಳಬೇಕು. ಒಯ್ದ ಹೆಪ್ಪನ್ನು ವಾಪಸು ತರದವರೂ ಇದ್ದರು. ಹಸು ಬತ್ತಿದವರು, ಕಾಯಿಲೆ ಬಿದ್ದವರು, ಬರೀ ಮೈಗಳ್ಳರು. ಬಾಯಿ ತುಂಬ ಬೈಯುತ್ತಿದ್ದೆ, ಬೈದು ಸೌಟು ಅದ್ದುತ್ತಿದ್ದೆ. ಮಡಕೆ ತಗ್ಗಿತು ಅಂತ ಕಂಡರೆ ಉಳಿದವರು ಬೆಳಿಗ್ಗೆ ಒಂದೊಂದು ತೊಟ್ಟು ಹೆಚ್ಚು ಹಾಕಿ ಹೋಗುತ್ತಿದ್ದರು. ಅದರ ಬಗ್ಗೆ ಯಾರೂ ಸಭೆ ಸೇರಿಸಿ ಮಾತಾಡಿದ್ದಿಲ್ಲ.

ಹೀಗಿರುವಾಗ ಹೊಳೆಯಾಚೆ ಹೊಸದಾಗಿ ಎದ್ದ ದೊಡ್ಡ ಹೆಪ್ಪಿನ ಮನೆಯಿಂದ, ದೊಡ್ಡಮನೆ ಅಂತಲೇ ಅದರ ಹೆಸರು, ಬಟ್ಟಲಿನವನು ಬಂದ.

ಅವನ ಕೈಯಲ್ಲಿ ನೀರು ತುಂಬಿದ ಒಂದು ಬೋಗುಣಿ, ನೀರಿನ ಮೇಲೆ ತಳದಲ್ಲಿ ತೂತಿರುವ ಒಂದು ಪುಟ್ಟ ಬಟ್ಟಲು. ತೂತಿನಿಂದ ನೀರು ತುಂಬಿ ಬಟ್ಟಲು ಗುಳುಕ್ ಅಂತ ಮುಳುಗುತ್ತದೆ. ಅವನು ಎತ್ತಿ ಮತ್ತೆ ತೇಲಿಬಿಡುತ್ತಾನೆ, ಹೊತ್ತು ಅಳೆಯುವುದು ಹೀಗೆ. ನಮ್ಮ ಹೆಪ್ಪಿನ ಮನೆಯ ಜಗಲಿಯ ಮೇಲೆ ಕೂತು ಬಟ್ಟಲು ಮುಳುಗುವುದನ್ನೇ ನೋಡಿದ. ಅಜ್ಜಿ ಎಡಮಂಡಿಯ ಕಥೆ ಹೇಳಿದಳು, ಗುಳುಕ್. ಬಲಮಂಡಿಯ ಕಥೆ ಹೇಳಿದಳು, ಗುಳುಕ್. ಯಜಮಾನರು "ಸಾಕು" ಅಂದರು, ಗುಳುಕ್.

"ಒಂದು ಮುಳುಗಿಗೆ ನಿಮ್ಮಲ್ಲಿ ಒಂದು ಸೌಟು ಕೊಡೋಕೂ ಆಗ್ತಿಲ್ಲ" ಅಂದ ಬಟ್ಟಲಿನವನು. "ದೊಡ್ಡಮನೆಯಲ್ಲಿ ಒಂದು ಮುಳುಗಿಗೆ ಒಂದು ಬೀದಿಯೇ ಮುಗಿದುಹೋಗುತ್ತೆ. ಬೀದಿಗೊಂದು ಮಡಕೆ, ಮಡಕೆಗೊಂದು ಮನೆ, ಮನೆಗೆ ಇಷ್ಟು ಜನ. ಯಾಕಿದೆಲ್ಲ?"

"ಅದನ್ನ ನಾನೂ ಕೇಳ್ತಾನೇ ಇದ್ದೀನಪ್ಪ" ಅಂದೆ. "ಆ ಮೂರು ಜನರನ್ನ ಮನೆಗೆ ಕಳಿಸಿ ಸಾಕು, ಎಲ್ಲ ಸರಿಹೋಗುತ್ತೆ."

ಅವನಿಗೆ ನನ್ನ ಮಾತು ಕೇಳಿಸಲಿಲ್ಲ. "ವಾಪಸು ತರದವರಿಗೂ ಕೊಡ್ತೀರಂತೆ?" ಅಂದ.

"ಕೊಡದೆ? ಹಸು ಮತ್ತೆ ಕರು ಹಾಕೋ ತನಕ ಅವರೇನು ಮೊಸರು ತಿನ್ನಬಾರದಾ?"

"ಸೋರಿಕೆ" ಅಂದ ಅವನು. ಬಟ್ಟಲು ಮುಳುಗಿತು.

ಬೀದಿಯವರನ್ನೆಲ್ಲ ಕೂರಿಸಿ, ಎಲ್ಲ ಬೀದಿಯ ಮಡಕೆಗಳನ್ನೂ ದೊಡ್ಡಮನೆಯ ಕಲ್ಲುಬಾನಿಗೆ ಸುರಿದುಬಿಟ್ಟರೆ ಎಷ್ಟು ಅನುಕೂಲ ಅಂತ ವಿವರಿಸಿದ. ಮನೆಗೊಂದು ಹೊಳೆಯುವ ಲೋಟ ಉಚಿತ ಅಂದ. ಲೋಟ ಅಂದ ತಕ್ಷಣ ನಮ್ಮವರ ಮುಖ ನೋಡಬೇಕಿತ್ತು! ಯಜಮಾನರಿಗೆ ಶಾಲು, ಭಾವಮೈದುನನಿಗೆ ದೊಡ್ಡಮನೆಯ ಹೊರಬಾಗಿಲಲ್ಲಿ ಒಂದು ಸ್ಟೂಲು. ನಾನು ಎದ್ದು ನಿಂತು ಗಂಟಲು ಹರಿಯುವ ಹಾಗೆ ಬೇಡ ಅಂದೆ. "ಸೌಟಮ್ಮನಿಗೆ ಸೌಟು ಹೋಗುತ್ತಲ್ಲ ಅಂತ ಸಂಕಟ" ಅಂತ ಯಾರೋ ಹಿಂದಿನಿಂದ ನಕ್ಕರು. ನನ್ನ ಮೈ ಉರಿದುಹೋಯಿತು.

ಮಡಕೆಯನ್ನು ಮೆರವಣಿಗೆಯಲ್ಲಿ ಒಯ್ದರು. ದೊಡ್ಡಮನೆಯ ಬಾನಿಗೆ ಸುರಿದರು. ಅಷ್ಟಕ್ಕೆ ಬಿಡಬಾರದಿತ್ತೇ? ತೊಳೆಯದ ಪಾತ್ರೆ ಬೇರೆಯವರ ಮನೆಯಲ್ಲಿ ಬಿಟ್ಟುಬಂದರೆ ಬೀದಿಯ ಮರ್ಯಾದೆ ಏನಾಗಬೇಕು ಅಂತ ಮೂಲೆಮನೆಯವಳು ಸೆರಗು ಸಿಕ್ಕಿಸಿಕೊಂಡು ಹೊಳೆದಡದಲ್ಲಿ ಕೂತಳು. ಹುಣಸೆಹಣ್ಣು ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ತೆಂಗಿನ ನಾರು ಸವೆಯುವ ತನಕ ತಿಕ್ಕಿದಳು. ತಲೆತಲಾಂತರದ ಮೊಸರು ಕುಡಿದು ಕೂತಿದ್ದ ಮಡಕೆಯ ಗೋಡೆಯಿಂದ ಕೊನೆಯ ಹನಿಯವರೆಗೂ ಹೊಳೆಗೆ ಹೋಯಿತು. ನಾನು ಓಡಿ ಬರುವಷ್ಟರಲ್ಲಿ ಅದನ್ನು ಬಿಸಿಲಿಗೆ ಬೋರಲು ಹಾಕಿ, "ನೋಡಿ ಸೌಟಮ್ಮ, ಎಷ್ಟು ಲಕಲಕ ಅಂತಿದೆ" ಅಂದಳು. ಅಯ್ಯೋ ನನ್ನ ಕರ್ಮವೇ! ಅಳಬೇಕೋ ಅವಳ ಜುಟ್ಟು ಹಿಡಿಯಬೇಕೋ ತಿಳಿಯಲಿಲ್ಲ. ಮಡಕೆಯನ್ನು ಎತ್ತಿಕೊಂಡು ಬಂದು ನನ್ನ ಮನೆಯ ಅಟ್ಟದಲ್ಲಿಟ್ಟೆ.

ಇರುವುದನ್ನು ಇದ್ದ ಹಾಗೆ ಹೇಳಬೇಕು. ಮೊದಲಿಗೆ ದೊಡ್ಡಮನೆ ನಿಜಕ್ಕೂ ಚುರುಕಾಗಿತ್ತು. ಗೋಡೆಯಲ್ಲೊಂದು ಕಿಂಡಿ, ಕಿಂಡಿಯೊಳಗೊಂದು ಕೈ. ಬಟ್ಟಲು ಚಾಚು, ಕೈ ಹಾಕುತ್ತದೆ, ನಡಿ. ಬಟ್ಟಲು ಚಾಚು, ಕೈ ಹಾಕುತ್ತದೆ, ನಡಿ. ಮೊಸರೂ ಚೆನ್ನಾಗಿಯೇ ಕೂರುತ್ತಿತ್ತು. ಅಜ್ಜಿ ಮಾತ್ರ ಸೇತುವೆ ದಾಟಲಾರದೆ ಮಜ್ಜಿಗೆ ಬಿಟ್ಟಳು, ಮಂಡಿಯ ಕಥೆಯನ್ನು ಬೆಕ್ಕಿಗೆ ಹೇಳತೊಡಗಿದಳು. ಅದೊಂದು ದೊಡ್ಡ ವಿಷಯವೇ ಅಂದರು ಜನ.

ಆಮೇಲೆ ಒಂದೊಂದೇ ಬೀದಿಯ ಹೆಪ್ಪಿನ ಮನೆ ಮುಚ್ಚಿತು. ಕಿಂಡಿ ಒಂದೇ ಉಳಿಯಿತು, ಸಾಲು ಸೇತುವೆಯ ಈಚೆಗೂ ಬಂತು. ಬೆಳಿಗ್ಗೆ ವಾಪಸು ಕೊಡುವುದಕ್ಕೆ ನಿಂತವರು ಕೊಟ್ಟು ಮುಗಿಸುವಷ್ಟರಲ್ಲಿ ಸಂಜೆ ಒಯ್ಯುವುದಕ್ಕೆ ಬಂದವರ ಸಾಲು ಶುರುವಾಗುತ್ತಿತ್ತು. ಯಾರಾದರೂ ಗೊಣಗಿದರೆ ಬಟ್ಟಲಿನವನು ಬೋಗುಣಿ ತೋರಿಸುತ್ತಿದ್ದ. ಕಿಂಡಿಯ ಎದುರಿಗೆ ಬಂದ ಮೇಲೆ ಎಷ್ಟು ಹೊತ್ತು ಅಂತ ಮಾತ್ರ ಅವನ ಲೆಕ್ಕ, ಬರುವ ತನಕ ನಿಂತದ್ದು ನಮ್ಮ ಲೆಕ್ಕ.

ಆಗ ಬಂದವಳು ಹೊಸಬಳು. ಒಂದು ಕಂಕುಳ ಕೂಸು, ಒಂದು ಕಪ್ಪು ಹಸು. ಎಲ್ಲಿಂದ ಬಂದಳೋ ಕೇಳಲಿಲ್ಲ, ಹಸುವಿನ ಗೊರಸು ಸವೆದದ್ದು ನೋಡಿದರೆ ಬಹಳ ದೂರದಿಂದಲೇ. ನಮ್ಮ ಬೀದಿಯ ಪಾಳು ಮನೆಯನ್ನು ಸಾರಿಸಿ, ಒಲೆ ಹೂಡಿದಳು.

ಹೊಸಬರಿಗೆ ನಮ್ಮೂರಿನದು ಒಂದೇ ಕಟ್ಟಳೆ. ಅಮಾವಾಸ್ಯೆಯ ದೀಪ ಹಚ್ಚುವುದರೊಳಗೆ ಅವರ ಮನೆಯಲ್ಲಿ ಮೊಸರು ಹೆಪ್ಪುಗಟ್ಟಿರಬೇಕು. ಇಲ್ಲದಿದ್ದರೆ ಹೊಸಿಲಿನವನು ಬಂದು ಅವರ ಬಾಗಿಲಿನ ಹೊಸಿಲು ಕಿತ್ತು ಹೆಗಲ ಮೇಲೆ ಹೊತ್ತು ಹೋಗುತ್ತಾನೆ. ಹೊಸಿಲಿಲ್ಲದ ಮನೆಯೊಳಗೆ ಎಷ್ಟು ಸಲ ಹೋದರೂ ಹೊರಗೇ ಇರುತ್ತೀರಿ. ಮಲಗಿದರೆ ಬೀದಿಯಲ್ಲಿ ಮಲಗಿದ ಹಾಗೆ, ಉಂಡರೆ ಬೀದಿಯಲ್ಲಿ ಉಂಡ ಹಾಗೆ. ಒಂದೆರಡು ದಿನ ನೋಡಿ ಅಂಥವರು ತಾವೇ ಊರು ಬಿಡುತ್ತಾರೆ. ಹಿಂದೆ ಹಾಗೆ ಯಾರೂ ಹೋದದ್ದಿಲ್ಲ, ಯಾಕೆಂದರೆ ಬಂದ ದಿನವೇ ಹೆಪ್ಪಿನ ಮನೆಗೆ ಬಂದು ಬಟ್ಟಲು ಚಾಚುತ್ತಿದ್ದರು, ನಾವು ಕೊಡುತ್ತಿದ್ದೆವು.

ಹೊಸಬಳನ್ನು ನಾನೇ ಕಿಂಡಿಗೆ ಕರೆದುಕೊಂಡು ಹೋದೆ.

"ಹಿಂದೆ ಯಾವಾಗ ಹೆಪ್ಪು ವಾಪಸು ಕೊಟ್ಟಿದ್ದೀರಿ?" ಅಂತು ಕಿಂಡಿ.

"ಈಗ ತಾನೇ ಬಂದಿದ್ದೀನಿ" ಅಂದಳು ಹೊಸಬಳು.

"ವಾಪಸು ಕೊಟ್ಟವರಿಗೆ ಮಾತ್ರ ಕೊಡೋದು."

"ಕೊಟ್ಟರೆ ತಾನೇ ವಾಪಸು ತರೋದು?"

"ತಂದರೆ ತಾನೇ ಕೊಡೋದು?"

ನಾನು ಮೂತಿ ತೂರಿಸಿದೆ. "ಏನಪ್ಪಾ, ತಲೆಗಿಲೆ ಕೆಟ್ಟಿದೆಯಾ? ಕೂಸು ಕಟ್ಟಿಕೊಂಡು ಬಂದಿದ್ದಾಳೆ. ಒಂದು ಸೌಟಿಗೆ ನಿನ್ನ ಬಾನಿ ಬತ್ತಿಹೋಗುತ್ತಾ?"

ಒಳಗೆಲ್ಲೋ ಗುಳುಕ್ ಅಂತ ಸದ್ದಾಯಿತು. "ಮುಂದಿನವರು" ಅಂತು ಕಿಂಡಿ.

ಸರಿ, ಬೀದಿಯಲ್ಲಿ ಇಷ್ಟು ಮನೆಗಳಿವೆಯಲ್ಲ, ಮನೆಗೊಂದು ತೊಟ್ಟು ಮೊಸರು ಸಿಕ್ಕರೆ ಸಾಕು, ಬೆರೆಸಿದರೆ ಹೆಪ್ಪಾಗುತ್ತದೆ ಅಂತ ಅವಳನ್ನು ಕರೆದುಕೊಂಡು ಮನೆಮನೆ ಹತ್ತಿದೆ. ಮೊದಲನೇ ಬಾಗಿಲಲ್ಲಿ "ಅಯ್ಯೋ, ಈಗಷ್ಟೇ ಊಟಕ್ಕೆ ಹಾಕಿಬಿಟ್ಟೆವಲ್ಲ" ಅಂದರು. ಎರಡನೇ ಬಾಗಿಲಲ್ಲಿ "ಮನೆಯಲ್ಲಿ ಗಂಡಸರಿಲ್ಲ, ಕೇಳಿ ಹೇಳ್ತೀನಿ" ಅಂದರು. ಮೊಸರು ಕೊಡೋಕೆ ಗಂಡಸರು ಯಾಕಮ್ಮಾ ಅಂದರೆ ಬಾಗಿಲು ಅರ್ಧ ಮುಚ್ಚಿತು. ಯಜಮಾನರು ಶಾಲು ಹೊದ್ದು ಹೊರಗೆ ಬಂದು, ತಾತ್ವಿಕವಾಗಿ ತಾವು ನಮ್ಮ ಪರ ಅಂದರು. ತಾತ್ವಿಕವಾಗಿ ಒಂದು ತೊಟ್ಟು ಹಾಕಿ ಸ್ವಾಮಿ ಅಂದೆ. ದೊಡ್ಡಮನೆಯವರು ಏನಂದುಕೊಳ್ಳುತ್ತಾರೆ ಅಂದರು.

ಮೂಲೆಮನೆಯವಳು ನಿಜ ಹೇಳಿದಳು. "ನೋಡಿ ಸೌಟಮ್ಮ, ಹೊರಗೆ ಯಾರಿಗಾದರೂ ಹೆಪ್ಪು ಕೊಟ್ಟಿದ್ದು ಗೊತ್ತಾದರೆ ಕಿಂಡೀಲಿ ನನಗೆ ಕೊಡೋದು ನಿಲ್ಲಿಸಿಬಿಡ್ತಾರೆ. ಅವಳು ಯಾರೋ ಏನೋ. ಇವತ್ತು ಇದ್ದು ನಾಳೆ ಹೊರಟುಹೋದರೆ? ಅವಳಿಗೋಸ್ಕರ ನನ್ನ ಮಕ್ಕಳು ಮೊಸರಿಲ್ಲದೆ ಉಣ್ಣಬೇಕಾ?"

"ನಿನ್ನ ಹಸು ಬತ್ತಿದಾಗ ಇಡೀ ಮಳೆಗಾಲ ಬಿಟ್ಟಿ ಒಯ್ದೆಯಲ್ಲೇ!" ಅಂದೆ.

"ಆಗ ಕಾಲ ಬೇರೆ ಇತ್ತು" ಅಂದು ಬಾಗಿಲು ಹಾಕಿಕೊಂಡಳು.

ನನಗೇ ನಾಚಿಕೆಯಾಗಿ, ಸಿಟ್ಟಾಗಿ, ದಾರಿಯುದ್ದಕ್ಕೂ ಒಬ್ಬಳೇ ಬಡಬಡಿಸಿದೆ. ತನ್ನ ಬಾಗಿಲ ಹತ್ತಿರ ಬಂದಾಗ ಹೊಸಬಳು ಕೇಳಿದಳು, "ಅಕ್ಕಾ, ನಾನು ಹೊರಟರೆ ಈ ಹಸು ಮತ್ತೆ ಅಷ್ಟು ದೂರ ನಡೆಯೋದಿಲ್ಲ. ಅದನ್ನ ನೀವು ಇಟ್ಟುಕೊಳ್ತೀರಾ?" ಯಾರೂ ಹೊರಡೋದು ಬೇಡ ಸುಮ್ಮನಿರು ಅಂತ ಗದರಿದೆ.

ಅಮಾವಾಸ್ಯೆ ಬಂತು. ಕೊನೆಯ ಪ್ರಯತ್ನ ಅಂತ ಬಟ್ಟಲಿನವನ ಕಾಲನ್ನೇ ಹಿಡಿಯೋಣ ಅಂದುಕೊಂಡೆ. ಅಟ್ಟದಿಂದ ಮಡಕೆ ಇಳಿಸಿ, ಅವಳ ಹಸುವಿನ ಹಾಲು ಕಾಯಿಸಿ, ಉಗುರುಬೆಚ್ಚಗಿರುವಾಗಲೇ ತುಂಬಿಕೊಂಡೆವು. ಕೊಟ್ಟರೆ ಅಲ್ಲೇ ಹಾಕಿಸಿಕೊಂಡುಬಿಡಬೇಕು, ಬಟ್ಟಲಲ್ಲಿ ಕೊಟ್ಟರೆ ಸೇತುವೆ ದಾಟುವಷ್ಟರಲ್ಲಿ ವಾಪಸು ಕೇಳಿದರೂ ಕೇಳಿಯಾರು. ನಾನು ವಾಪಸು ಕೊಡಬೇಕಾದ ಮೊಸರನ್ನು ಬಟ್ಟಲಲ್ಲಿ ಹಿಡಿದುಕೊಂಡು ಹೊರಟೆ.

ಸೇತುವೆ ದಾಟಿದರೆ ಸಾಲೋ ಸಾಲು. ಇಡೀ ಊರು ಕೈಯಲ್ಲಿ ಒಂದೊಂದು ಬಟ್ಟಲು ಹಿಡಿದು ಬಿಸಿಲಲ್ಲಿ ನಿಂತಿದೆ. ಕಿಂಡಿ ಮುಚ್ಚಿದೆ. ಕಿಂಡಿಯ ಕೆಳಗಿನ ಮೆಟ್ಟಿಲ ಮೇಲೆ ಬಟ್ಟಲಿನವನು ಬೋಗುಣಿ ಇಟ್ಟುಕೊಂಡು ಕೂತಿದ್ದಾನೆ, ಮುಖದಲ್ಲಿ ಎಂಥ ನೆಮ್ಮದಿ!

"ಯಾಕಪ್ಪಾ ಮುಚ್ಚಿದೆ?" ಅಂದೆ.

"ತೆಗೆದರೆ ಜನ ಎದುರಿಗೆ ಬರುತ್ತಾರೆ, ಬಂದರೆ ಹೊತ್ತು ಹಿಡಿಯುತ್ತೆ. ಮುಚ್ಚಿದರೆ ಹೊತ್ತು ಹಿಡಿಯೋದೇ ಇಲ್ಲ" ಅಂದ. "ನೀವು ನಂಬೋದಿಲ್ಲ, ದೊಡ್ಡಮನೆ ಇವತ್ತು ನಡೆದಷ್ಟು ಚುರುಕಾಗಿ ಯಾವತ್ತೂ ನಡೆದಿಲ್ಲ."

"ನಮ್ಮ ಮೊಸರು?"

"ಕಾಯಿರಿ."

"ಎಲ್ಲೀ ತನಕ?"

ಅವನು ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟ. ಅದು ಮುಳುಗುವುದನ್ನು ಇಡೀ ಊರು ಬಾಯಿ ತೆರೆದು ನೋಡುತ್ತಾ ನಿಂತಿತ್ತು. ಬೆವರು ಸುರಿಸಿಕೊಂಡು, ಹುಳಿಯಾಗುತ್ತಿರುವ ಮೊಸರು ಹಿಡಿದುಕೊಂಡು, ಒಬ್ಬರಾದರೂ ಒಂದು ಮಾತಾಡಬಾರದೇ? ನನ್ನ ತಲೆ ಚಿಟ್ಟು ಹಿಡಿದುಹೋಯಿತು. "ಥತ್! ಮನೆಹಾಳು ಕಿಂಡಿ!" ಅಂದು ನನ್ನ ಬಟ್ಟಲಿನ ಮೊಸರನ್ನು ಹೊಸಬಳ ಕೈಯಲ್ಲಿದ್ದ ಮಡಕೆಗೆ ಬಗ್ಗಿಸಿಬಿಟ್ಟೆ.

"ಅಕ್ಕಾ, ಒಬ್ಬರದು ಹತ್ತೋದಿಲ್ಲವಂತಲ್ಲ" ಅಂದಳು ಅವಳು.

"ಹತ್ತದಿದ್ದರೆ ಬಿಡಲಿ. ನನ್ನ ಕೈಯಾದರೂ ಖಾಲಿಯಾಯಿತು."

ಹಿಂದೆ ನಿಂತಿದ್ದ ದಪ್ಪ ಹೆಂಗಸೊಬ್ಬಳು ಅದನ್ನು ನೋಡಿದಳು. ಅವಳು ಯಾವ ಬೀದಿಯವಳೋ ನನಗೆ ಗೊತ್ತಿಲ್ಲ. "ಒಲೆ ಮೇಲೆ ಬೇಳೆ ಇಟ್ಟು ಬಂದಿದ್ದೀನಿ, ತಳ ಹತ್ತಿರುತ್ತೆ. ನಂದೂ ಇಲ್ಲೇ ಹಾಕ್ತೀನಿ ಕಣಮ್ಮ" ಅಂದು ಬಗ್ಗಿಸಿ ಹೊರಟೇಹೋದಳು. ಅವಳ ಹಿಂದಿನವನು, ಕೈ ಸೋತುಹೋಯಿತು ಅಂದು ಬಗ್ಗಿಸಿದ. ಅವನ ಹಿಂದಿನವಳು ಅವನಿಗೆ ಬೈಯುತ್ತಾ ಬಗ್ಗಿಸಿದಳು. ಹೊಸಬಳ ಮೇಲೆ ಕರುಣೆಯಿಂದ ಒಬ್ಬರಾದರೂ ಹಾಕಿದರು ಅಂತ ನಾನು ಹೇಳುವುದಿಲ್ಲ. ಬೇಸತ್ತು ಹಾಕಿದರು. ಕೈಯಲ್ಲಿದ್ದದ್ದು ಬೇಗ ತೊಲಗಲಿ ಅಂತ ಹಾಕಿದರು. ಮೂಲೆಮನೆಯವಳು ಆಕಡೆ ಈಕಡೆ ನೋಡಿ, "ಎಲ್ಲರೂ ಹಾಕ್ತಿದ್ದಾರೆ, ನಂದೇನು" ಅಂದು ಹಾಕಿದಳು.

ಅಷ್ಟರಲ್ಲಿ ಹೊಸಿಲಿನವನೂ ಬಂದ. ಒಂದು ಕೈಯಲ್ಲಿ ವಾಪಸು ಕೊಡುವ ಮೊಸರಿನ ಬಟ್ಟಲು, ಹೆಗಲ ಮೇಲೆ ಹೊಸಬಳ ಮನೆಯ ಹೊಸಿಲು.

"ಹೊತ್ತು ಮುಳುಗೋದಕ್ಕೆ ಇನ್ನೂ ಎಷ್ಟು ಸಮಯ ಇದೆ, ಈಗಲೇ ಕಿತ್ತೆಯಲ್ಲೋ!" ಅಂತ ಚೀರಿದೆ.

"ಸಂಜೆ ಇನ್ನೊಂದು ಸಲ ಅಷ್ಟು ದೂರ ಯಾರು ನಡೀತಾರೆ? ಈ ಕಡೆ ಬರೋನಿದ್ದೆ, ಹಾಗೇ ಕಿತ್ತುಕೊಂಡು ಬಂದೆ" ಅಂದ. ಬಟ್ಟಲಿನವನು ಮೆಚ್ಚಿ ತಲೆದೂಗಿದ. ಹೊಸಿಲಿನವನು ಮುಚ್ಚಿದ ಕಿಂಡಿ ನೋಡಿದ, ಸಾಲು ನೋಡಿದ. ಹೊಸಿಲು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಾಯಿಸಬೇಕಿತ್ತು, ಬಟ್ಟಲು ಅಡ್ಡ ಬರುತ್ತಿತ್ತು. "ಇದೊಂದು ಶನಿ" ಅಂದು ಅವನೂ ಮಡಕೆಗೆ ಬಗ್ಗಿಸಿದ.

ಹೊಸಬಳು ಮಡಕೆಗೆ ಸೆರಗು ಮುಚ್ಚಿ, ಬಿಸಿಲು ತಾಗುವ ಮೆಟ್ಟಿಲ ಮೇಲೆ ಅದನ್ನಿಟ್ಟು, ಪಕ್ಕದಲ್ಲಿ ಕೂಸಿಗೆ ಹಾಲೂಡಿಸುತ್ತಾ ಕೂತಳು. ಕಿಂಡಿ ಇನ್ನೇನು ತೆಗೆಯಬಹುದು ಅಂತ ಸಂಜೆಯ ಹೆಪ್ಪಿಗಾಗಿ ಜನ ಅಲ್ಲೇ ಕಾದರು. ಬಟ್ಟಲು ಮುಳುಗಿತು, ಎದ್ದಿತು. ಮುಳುಗಿತು, ಎದ್ದಿತು. ಕಿಂಡಿ ತೆಗೆಯಲಿಲ್ಲ. ನೆರಳು ಉದ್ದವಾಯಿತು.

ಹೊತ್ತು ಇಳಿಯುವಾಗ ಹೊಸಿಲಿನವನು ಎದ್ದು ಬಂದ. ಸೆರಗು ಸರಿಸಿ ಮಡಕೆಯನ್ನು ವಾಲಿಸಿದ. ಚೆಲ್ಲಲಿಲ್ಲ. ಇನ್ನಷ್ಟು ವಾಲಿಸಿದ. ಗಟ್ಟಿ ಮೊಸರು, ಅಲ್ಲಾಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

"ಆಗಿರೋದೇನೋ ಆಗಿದೆ" ಅಂದ ಅವನು. "ಆದರೆ ಇವಳ ಮನೆಯಲ್ಲಿ ಆಗಿಲ್ಲ. ಇವಳ ಮನೆಗೆ ಹೊಸಿಲೇ ಇಲ್ಲ, ಮನೆ ಅಂತ ಹೇಗೆ ಅನ್ನೋದು? ಹೊರಡಮ್ಮಾ, ಕತ್ತಲಾಗೋದರೊಳಗೆ ಊರು ದಾಟು."

ನಾನು ಅವನ ತೋಳು ಹಿಡಿದು ಜಗ್ಗಿದೆ, ಅವನು ಕೊಡವಿಕೊಂಡ. ಹೊಸಬಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು, ಇನ್ನೊಂದು ಕೈಯಲ್ಲಿ ಮಡಕೆಯನ್ನು ತಬ್ಬಿ ಎತ್ತಿಕೊಂಡಳು. ಊರಾಚೆಯ ದಾರಿಗೆ ಎರಡು ಹೆಜ್ಜೆ ಇಟ್ಟಳು.

"ಏಯ್! ನಿಂತ್ಕೊಳ್ಳೇ!" ಅಂತ ಹಿಂದಿನಿಂದ ಕೂಗು ಬಂತು.

ಮೂಲೆಮನೆಯವಳು ಸೆರಗು ಸಿಕ್ಕಿಸಿಕೊಂಡು ಓಡಿ ಬಂದು ದಾರಿಗೆ ಅಡ್ಡ ನಿಂತಳು. "ಎಲ್ಲಿಗೆ ಹೊರಟೆ? ಅದರಲ್ಲಿ ನನ್ನ ಮೊಸರಿದೆ! ನೀನು ಹೋದರೆ ನನಗೆ ಸಂಜೆಗೆ ಹೆಪ್ಪು ಯಾರು ಕೊಡ್ತಾರೆ?"

"ನಂದೂ ಇದೆ" ಅಂದ ಇನ್ನೊಬ್ಬ. "ನಂದೂ ಇದೆಯಲ್ಲ!" ಅಂದರು ಹಿಂದಿನವರು. ಬೆಳಗಿನಿಂದ ನಿಂತೇ ಇದ್ದ ಸಾಲು ಒಟ್ಟಿಗೆ ಮುರಿದು ಅವಳ ಸುತ್ತ ಬಂತು. ಬೇಳೆ ಸೀದುಹೋದ ದಪ್ಪ ಹೆಂಗಸೂ ಎಲ್ಲಿಂದಲೋ ಏದುಸಿರು ಬಿಡುತ್ತಾ ಬಂದು ಸೇರಿಕೊಂಡಳು. ಮೂಲೆಮನೆಯವಳು ಹೊಸಿಲಿನವನ ಎದೆಗೆ ಬೆರಳಿಟ್ಟು, "ಅವಳು ಊರು ಬಿಟ್ಟರೆ ನಮ್ಮ ಮೊಸರೂ ಊರು ಬಿಡುತ್ತೆ. ಬೆಳಿಗ್ಗೆ ನೀನೂ ಹಾಕಿದೆಯಲ್ಲ, ನಾಳೆ ನಿನ್ನ ಹೆಂಡತಿಗೆ ಏನು ಹೇಳ್ತೀಯ?" ಅಂದಳು.

ಹೊಸಿಲಿನವನು ಮಡಕೆಯೊಳಗೆ ಬಗ್ಗಿ ನೋಡಿದ. ತನ್ನ ಪಾಲು ಯಾವುದು ಅಂತ ಹುಡುಕಿದನೋ ಏನೋ. ನೋಡುತ್ತಲೇ ಇದ್ದ. ಮೆಟ್ಟಿಲ ಮೇಲೆ ಗುಳುಕ್ ಅಂತ ಸದ್ದಾಯಿತು, ಯಾರೂ ಆ ಕಡೆ ತಿರುಗಲಿಲ್ಲ. ಕೊನೆಗೆ ಅವನು ಹೊಸಿಲಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ.

"ಭಾರ ಇದೆ, ಸರಿಯಾಗಿ ಹಿಡ್ಕೊಳ್ಳಿ ಸೌಟಮ್ಮ" ಅಂದ. "ದೀಪ ಹಚ್ಚೋದರೊಳಗೆ ಕೂರಿಸಬೇಕು."

ಇಷ್ಟು ತಲೆಗೆ ಹೋಗುವುದಕ್ಕೆ ಈ ಜನಕ್ಕೆ ಇಡೀ ದಿನ ಬಿಸಿಲು ಬೇಕಾಯಿತು. ಅವರನ್ನೆಲ್ಲ ಬೈದುಕೊಳ್ಳುತ್ತಲೇ ಸೇತುವೆ ದಾಟಿದೆ. ಮುಂದೆ ಹೊಸಬಳು ಮಡಕೆ ಹಿಡಿದು ನಡೆಯುತ್ತಿದ್ದಳು. ಅವಳು ಎಡವಿದರೆ ಹಿಡಿಯುವುದಕ್ಕೆ ಎರಡೂ ಪಕ್ಕದಲ್ಲಿ ಊರಿನವರು ಕೈ ಚಾಚಿಕೊಂಡು ಹೋಗುತ್ತಿದ್ದರು.